ಅಡಿಕೆ ತೋಟಕ್ಕೆ ಯಾವ ಎಟಿವಿ? 150, 300, 500 ಮೂರನ್ನೂ ಓಡಿಸಿದ ಮೇಲೆ

ಎಟಿವಿ ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು, ಆಚೀಚೆ ಕಾಲು ಹಾಕಿ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 300 ಸಿಸಿಯ ಗಾಡಿಗೆ. ಮಳೆಗಾಲ, ಬೇಸಿಗೆ ಎರಡರಲ್ಲೂ ಅದನ್ನೇ ಓಡಿಸುತ್ತಿದ್ದೇನೆ. ಬದಲಿಸುವ ಯೋಚನೆ ಇಲ್ಲ. ಆದರೆ ನನಗೆ ಹಿಡಿಸಿದ್ದು ನಿಮಗೂ ಹಿಡಿಸಬೇಕೆಂದೇನಿಲ್ಲ. ನಿಮ್ಮ ಎತ್ತರ ಎಷ್ಟು, ದಾರಿ ಎಂಥದ್ದು, ಏನು ಹೊರಿಸುತ್ತೀರಿ ಅನ್ನುವುದರ ಮೇಲೆ ಲೆಕ್ಕವೇ ಬದಲಾಗುತ್ತದೆ.

ನಮ್ಮ ತೋಟ ಉಡುಪಿ ಜಿಲ್ಲೆಯ ಹೆಬ್ರಿ ಕಡೆ. ಮನೆ ಗುಡ್ಡೆಯ ಮೇಲೆ, ಅಡಿಕೆ ಕೆಳಗೆ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ. ನಡುವೆ ಮುರಕಲ್ಲು ಕಡಿದು ಮಾಡಿದ ಇಳಿಜಾರು ದಾರಿ, ಅದರಲ್ಲಿ ಎರಡು ತಿರುವು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್ ಕಳೆಯುವಷ್ಟರಲ್ಲಿ ಆ ಕಲ್ಲಿನ ಮೇಲೆ ಪಾಚಿ ಹಿಡಿದು ಬರಿಗಾಲಲ್ಲಿ ನಡೆಯುವುದೂ ಕಷ್ಟವಾಗುತ್ತದೆ. ಗೊಬ್ಬರ ಇಳಿಸುವುದು, ಅಡಿಕೆ ಹತ್ತಿಸುವುದು, ಮದ್ದು ಬಿಡುವ ಸಾಮಾನು ಸಾಗಿಸುವುದು, ಎಲ್ಲವೂ ಇದೇ ದಾರಿಯಲ್ಲಿ. ಹೊರುವವರು ಈಗ ಸಿಗುವುದು ಕಮ್ಮಿ. ಸಿಕ್ಕರೂ ನಮಗೆ ಬೇಕಾದ ದಿನ ಸಿಗುವುದಿಲ್ಲ.

ನನ್ನ ಎತ್ತರ ಐದಡಿ ಮೂರಿಂಚು, ತೂಕ 58 ಕೆಜಿ. ಎಟಿವಿ ವಿಷಯದಲ್ಲಿ ಇದನ್ನು ಮೊದಲು ಹೇಳಲೇಬೇಕು. ಕಾರಾದರೆ ಸೀಟು ಮುಂದೆ ಎಳೆದುಕೊಂಡರೆ ಮುಗಿಯಿತು. ಇಲ್ಲಿ ಸೀಟು ಅಲುಗುವುದಿಲ್ಲ, ನಾವೇ ಅಲುಗಬೇಕು. ಏರು ಹತ್ತುವಾಗ ಮೈ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ತಿರುವಿನಲ್ಲಿ ಒಳಮಗ್ಗುಲಿಗೆ. ಗಾಡಿ ನಮ್ಮ ಮೈಗಿಂತ ದೊಡ್ಡದಾದಷ್ಟೂ ನಾವು ವಾಲಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

150 ಸಿಸಿಯದ್ದರ ಕಥೆ ಬೇಗ ಮುಗಿಯುತ್ತದೆ. ಸಂಬಂಧಿಕರ ಮನೆಯಲ್ಲಿತ್ತು, ಕೇಳಿ ತಂದು ಓಡಿಸಿದೆ. ಸಪಾಟು ತೋಟದಲ್ಲಿ ಚೆನ್ನಾಗಿಯೇ ಹೋಗುತ್ತದೆ. ಅಡಿಕೆ ಮರಗಳ ನಡುವೆ ಒಂಬತ್ತು ಅಡಿ ಅಂತರ ಅಂದರೂ ನಡುವೆ ನೀರು ಹರಿಯುವ ಕಣಿ, ಬಾಳೆ, ಕಾಳುಮೆಣಸಿನ ಬಳ್ಳಿ ಎಲ್ಲ ಇರುತ್ತದೆ ಅಲ್ವಾ, ಅಲ್ಲೆಲ್ಲ ಸಲೀಸಾಗಿ ನುಸುಳುತ್ತದೆ. ಕಷ್ಟ ಬರುವುದು ಏರಿನಲ್ಲಿ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, ಅದೂ ಚೈನಿನ ಮೂಲಕ. ಹಿಂದೆ ಒಂದು ಮೂಟೆ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ. ಅಡಿಯೂ ತಗ್ಗು, ಬಿದ್ದ ಸೋಗೆಯ ಮೇಲೆ ಹತ್ತಿಸಿದರೆ ಅದು ಹೋಗಿ ಚೈನಿಗೇ ಸಿಕ್ಕಿಕೊಳ್ಳುತ್ತದೆ. ಕೆಂಪು ಮಣ್ಣಿನ ಕೆಸರು ಹಿಡಿದ ಚೈನಿಗೆ ಆಯುಸ್ಸೂ ಕಮ್ಮಿ. ಸಪಾಟು ಜಾಗ, ಹಗುರ ಸಾಮಾನು, ಕಮ್ಮಿ ಬಜೆಟ್ ಇದ್ದವರಿಗೆ ಸಾಕು. ನಮ್ಮ ದಾರಿಗೆ ಅಲ್ಲ.

ಎಲ್ಲರೂ ಆಸೆಪಡುವುದು 500ರ ವರ್ಗದ ಗಾಡಿಗೆ. ನಾನೂ ಮೊದಲು ನೋಡಿದ್ದು ಅದನ್ನೇ. ಕಾರ್ಕಳ ಕಡೆಯ ಗೆಳೆಯರೊಬ್ಬರು ತಮ್ಮದನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದರು, ಮನಸ್ಸು ತುಂಬುವಷ್ಟು ಓಡಿಸಿ ನೋಡಿ ಎಂದು. ನಾಲ್ಕೂ ಚಕ್ರಕ್ಕೆ ಶಕ್ತಿ, ನೆಲಕ್ಕೂ ಗಾಡಿಯ ಅಡಿಗೂ ನಡುವೆ ಹತ್ತು ಇಂಚಿಗಿಂತ ಹೆಚ್ಚು ಅಂತರ, ಒಳ್ಳೆಯ ಸಸ್ಪೆನ್ಷನ್. ನೇರ ದಾರಿಯಲ್ಲಿ ಅದರ ಮುಂದೆ ಉಳಿದ ಎರಡೂ ಸಪ್ಪೆ. ತೊಂದರೆ ಬಂದದ್ದು ಒಂದೇ ಕಡೆ, ಬಾವಿಯ ಮೇಲಿನ ಎಡ ತಿರುವಿನಲ್ಲಿ.

ಎಟಿವಿಯಲ್ಲಿ ಆಕ್ಸಿಲರೇಟರನ್ನು ಬೈಕಿನ ಹಾಗೆ ತಿರುಪುವುದಿಲ್ಲ. ಬಲಗೈ ಹಿಡಿಯ ಕೆಳಗೆ ಒಂದು ಸಣ್ಣ ಲಿವರ್ ಇರುತ್ತದೆ, ಹೆಬ್ಬೆರಳಿನಿಂದ ಒತ್ತಬೇಕು. ಈಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ. ಎಡಗೈ ಹೊಟ್ಟೆಯ ಹತ್ತಿರ ಬರುತ್ತದೆ, ಬಲಗೈ ಮುಂದಕ್ಕೆ ದೂರ ಹೋಗುತ್ತದೆ. ದೊಡ್ಡ ಗಾಡಿಯ ಹ್ಯಾಂಡಲ್ ಅಗಲ ಜಾಸ್ತಿ, ಸೀಟಿನಿಂದ ದೂರವೂ ಜಾಸ್ತಿ. ನನ್ನ ಬಲಗೈ ಪೂರ್ತಿ ನೀಟಿ, ಭುಜ ಮುಂದಕ್ಕೆ ಬಂದು, ಬೆರಳುಗಳು ಹಿಡಿಯಲ್ಲಿ ಉಳಿದವು. ಹೆಬ್ಬೆರಳು ಮಾತ್ರ ಲಿವರಿನಿಂದ ಜಾರಿತು. ಏರಿನ ನಡುವೆ ಹೆಬ್ಬೆರಳು ಜಾರಿದರೆ ಶಕ್ತಿ ಕಟ್. ಹಿಂದೆ ಅಡಿಕೆಯ ಮೂಟೆ, ಅಡಿಯಲ್ಲಿ ಪಾಚಿ ಕಟ್ಟಿದ ಕಲ್ಲು, ಮುನ್ನೂರು ಕೆಜಿ ದಾಟಿದ ಗಾಡಿ ಅರ್ಧದಲ್ಲಿ ನಿಂತು ಹಿಂದಕ್ಕೆ ಜಗ್ಗತೊಡಗಿತು. ಬಲಗಾಲಿನ ಬ್ರೇಕ್ ಒತ್ತಬೇಕಾದರೆ ನಾನು ಸೀಟಿನಿಂದ ಜರುಗಬೇಕು. ಎಟಿವಿ ಹಿಂದಕ್ಕೆ ಉರುಳುವುದಕ್ಕಿಂತ ಅಪಾಯದ್ದು ಬೇರೆ ಇಲ್ಲ, ಯಾಕಂದರೆ ಅದು ಮಗುಚಿದರೆ ಮೈಮೇಲೆಯೇ ಬೀಳುತ್ತದೆ. ಎಡಗೈಯ ಬ್ರೇಕ್ ಹಿಡಿದು, ಹಿಂದಿನ ಚಕ್ರ ದಾರಿ ಬದಿಯ ದಿಣ್ಣೆಗೆ ತಾಗುವ ಹಾಗೆ ಮೆಲ್ಲ ಬಿಟ್ಟು ನಿಲ್ಲಿಸಿದೆ.

ಗೆಳೆಯರು ಬಂದು ಹ್ಯಾಂಡಲಿನ ಕ್ಲಾಂಪ್ ಸಡಿಲಿಸಿ ಅದನ್ನು ನನ್ನ ಕಡೆಗೆ ವಾಲಿಸಿದರು. ಬಲಗೈಗೆ ಲಿವರ್ ಸಿಕ್ಕಿತು. ಆದರೆ ಪೂರ್ತಿ ಬಲಕ್ಕೆ ತಿರುಗಿಸಿದಾಗ ಹಿಡಿ ಬಂದು ಮೊಣಕಾಲಿಗೆ ತಾಗಿತು. ನಿಂತು ಓಡಿಸಿದರೆ ಸರಿಹೋಗುತ್ತದೆ ಎಂದರು. ನಿಂತರೆ ಹೆಬ್ಬೆರಳು ಸಿಗುತ್ತದೆ, ಕಾಲಿನ ಬ್ರೇಕ್ ಇನ್ನೂ ಕಷ್ಟ. ಅದೇ ತಿರುವಿನಲ್ಲಿ ಅವರು ಆರಾಮಾಗಿ ಕೂತೇ ಹತ್ತಿಸಿದರು. ಅವರು ಆರಡಿಗೆ ಒಂದಿಂಚು ಕಮ್ಮಿ ಇದ್ದಾರೆ, ಕೈಯೂ ಉದ್ದ. ಗಾಡಿಯಲ್ಲಿ ದೋಷ ಇಲ್ಲ ಮಾರಾಯ್ರೇ, ಅದನ್ನು ಮಾಡಿದ್ದೇ ಅಂಥ ಮೈಕಟ್ಟಿಗೆ.

ಆಮೇಲೆ ನಾನು ನೋಡಿದ ಪ್ರತಿ ಗಾಡಿಯಲ್ಲೂ ಮೊದಲು ಮಾಡಿದ್ದು ಇದೇ. ಎಂಜಿನ್ ಶುರು ಮಾಡುವ ಮೊದಲೇ ಕೂತು ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಎರಡೂ ಕಡೆ ಮೊಣಕೈ ಸ್ವಲ್ಪ ಬಾಗಿರಬೇಕು, ಹೆಬ್ಬೆರಳು ಲಿವರಿನ ಮೇಲೆ ಇರಬೇಕು. ನೇರ ಹಿಡಿದಾಗ ಬ್ರೇಕ್ ಲಿವರಿನ ಆಚೆಗೆ ನಡುಬೆರಳಿನ ತುದಿಯಿಂದ ಮೊದಲ ಗೆಣ್ಣು ದಾಟಬೇಕು. ಕಾಲಿಡುವಲ್ಲಿ ಎದ್ದು ನಿಂತರೆ ಸೀಟಿಗೂ ನಮಗೂ ನಡುವೆ ಮೂರರಿಂದ ಆರು ಇಂಚು ಜಾಗ ಬೇಕು. ಕೂತಾಗ ತೊಡೆ ಹೆಚ್ಚುಕಮ್ಮಿ ನೆಲಕ್ಕೆ ಸಮಾನಾಂತರ ಇರಬೇಕು. ಅಂಗಡಿಯವರು ಸಿಸಿ ಹೇಳುತ್ತಾರೆ, ಮೈಲೇಜ್ ಹೇಳುತ್ತಾರೆ, ಇದನ್ನು ಕೂತು ತೋರಿಸಿದವರು ನನಗೆ ಸಿಗಲಿಲ್ಲ.

300ರ ಗಾಡಿಯಲ್ಲಿ ಇದೆಲ್ಲ ಮೊದಲ ಸಲಕ್ಕೇ ಕೂಡಿಬಂತು. ಸೆಕೆಂಡ್ ಹ್ಯಾಂಡ್, ಮೂರು ಲಕ್ಷದೊಳಗೆ ಸಿಕ್ಕಿತು. ತೂಕ 250 ಕೆಜಿಯ ಹತ್ತಿರ. ಬೇಕಾದಾಗ ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ ಸ್ವಿಚ್ ಇದೆ, ಕೆಳಗಿನ ಗೇರ್ ಇದೆ. ಎಡ ತಿರುವಿನಲ್ಲಿ ಮೊಣಕೈ ಬಾಗಿಯೇ ಇರುತ್ತದೆ. ಒಳಮಗ್ಗುಲಿಗೆ ಸ್ವಲ್ಪ ಜರುಗಿ ಕೂತರೆ ಗಾಡಿ ಮಾತು ಕೇಳುತ್ತದೆ. ಇಳಿಯುವಾಗ ಕೆಳಗಿನ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ತಡೆದು ತಡೆದು ಇಳಿಸುತ್ತದೆ, ಬ್ರೇಕ್ ಮುಟ್ಟುವುದೇ ಕಮ್ಮಿ. ಪಾಚಿಯ ಕಲ್ಲಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಹಾಗಾಗಿ ಮಳೆಗಾಲದಲ್ಲಿ ನನಗೆ ಅತಿ ಮುಖ್ಯವಾದ ಗುಣ ಇದು.

ಇದರ ಕಮ್ಮಿಗಳೂ ಇವೆ. ಹಿಂದಿನ ಕ್ಯಾರಿಯರಿನಲ್ಲಿ ಒಂದು ಯೂರಿಯಾ ಚೀಲ, ಅಂದರೆ 45 ಕೆಜಿ ಆರಾಮ. ಎರಡು ಚೀಲದಷ್ಟು ತೂಕ ಹೊರಿಸಿ ಆ ಏರನ್ನು ನಾನು ಹತ್ತಿಸುವುದಿಲ್ಲ. ಬೇಸಿಗೆಯಲ್ಲಿ ಬಲಗಾಲಿಗೆ ಎಂಜಿನ್ ಬಿಸಿ ಹೊಡೆಯುತ್ತದೆ. ಬಿಡಿಭಾಗ ಬೆಂಗಳೂರಿನಿಂದ ಬರಬೇಕು, ಬೇರಿಂಗಿನಂಥದ್ದು ಮಾತ್ರ ಮಂಗಳೂರಿನಲ್ಲಿ ಸಿಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವರು ಒಂದು ವಿಷಯ ಗಮನಿಸಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಅಲ್ವಾ. ನೂರು ಲೀಟರ್ ಅಂದರೆ ನೂರು ಕೆಜಿ, ಅದೂ ಕುಲುಕುವ ತೂಕ. ತುಂಬಿದ ಡ್ರಮ್ಮನ್ನು ಯಾವ ಎಟಿವಿಯ ಕ್ಯಾರಿಯರಿನಲ್ಲೂ ಇಳಿಜಾರಿಗೆ ಇಳಿಸಬೇಡಿ. ನಾನು ತುತ್ತು, ಸುಣ್ಣ, ಪೈಪು, ಪಂಪು ಮಾತ್ರ ಒಯ್ಯುತ್ತೇನೆ. ಕಲಸುವುದು ಕೆಳಗೆ, ತೋಡಿನ ನೀರಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ, ಕ್ಯಾರಿಯರಿನ ಮೇಲೆ ರಬ್ಬರ್ ಹಾಳೆ ಹಾಸಿಕೊಳ್ಳಿ.

ಟೈರಿನ ಗಾಳಿ ಐದಾರು ಪಿಎಸ್ಐ ಅಷ್ಟೇ. ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಅಷ್ಟು ಕಮ್ಮಿ ಸರಿಯಾಗಿ ಕಾಣುವುದಿಲ್ಲ, ಬೇರೆ ಮೀಟರ್ ಇಟ್ಟುಕೊಳ್ಳಿ.

ಪಕ್ಕಪಕ್ಕದಲ್ಲಿ ಇಬ್ಬರು ಕೂರುವ, ಸ್ಟಿಯರಿಂಗ್ ಇರುವ ಗಾಡಿಗಳನ್ನೂ ನೋಡಿದೆ. ನಮ್ಮ ತೋಡಿನ ಸಂಕದಲ್ಲಿ (ಕಿರುಸೇತುವೆಯಲ್ಲಿ) ಅವು ಹಿಡಿಯುವುದಿಲ್ಲ.

ರಸ್ತೆಯ ವಿಷಯ. ಸಾಮಾನ್ಯ ಎಟಿವಿಗೆ ನಮ್ಮಲ್ಲಿ ನೋಂದಣಿ ಆಗುವುದಿಲ್ಲ, ಸ್ವಂತ ಜಾಗದೊಳಗೆ ಮಾತ್ರ. ಪೊಲಾರಿಸ್ ಕಂಪೆನಿ 2020ರಲ್ಲಿ ತನ್ನ ಸ್ಪೋರ್ಟ್ಸ್‌ಮನ್ 570ರ ಟ್ರ್ಯಾಕ್ಟರ್ ಆವೃತ್ತಿಯನ್ನು ರಸ್ತೆಗಿಳಿಸಬಹುದಾದ ರೀತಿಯಲ್ಲಿ 8 ಲಕ್ಷದ ಆಸುಪಾಸಿನ ಬೆಲೆಗೆ ತಂದಿತ್ತು. ನಾನು ಓಡಿಸಿದ ದೊಡ್ಡ ಗಾಡಿ ಅದಲ್ಲ. ತೋಟ ಎರಡು ಕಡೆ ಇದ್ದು ನಡುವೆ ಪಂಚಾಯತ್ ರಸ್ತೆ ಹಾದುಹೋಗುವವರಿಗೆ ಅಂಥ ಗಾಡಿ ಯೋಚಿಸುವಂಥದ್ದು. ನಮ್ಮದು ಒಂದೇ ತುಂಡು, ನನ್ನ ಬಜೆಟ್ಟೂ ಅಷ್ಟು ಇರಲಿಲ್ಲ.

ಹಿಂದೆ ಟ್ರೈಲರ್ ಕಟ್ಟಿಯೇ ಕೆಲಸ ಮಾಡುವವರು ದೊಡ್ಡದನ್ನೇ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಬ್ರೇಕಿಲ್ಲದ ಟ್ರೈಲರ್ ಗಾಡಿಯನ್ನು ಹಿಂದಿನಿಂದ ನೂಕುತ್ತದೆ, ಹಗುರ ಗಾಡಿ ಅದನ್ನು ತಡೆಯಲಾರದು. ಎತ್ತರ ಐದೂವರೆ ಅಡಿ ಮೇಲಿದ್ದು, ದಾರಿ ಅಗಲ ಇದ್ದು, ದಿನಕ್ಕೆ ಹತ್ತಾರು ಮೂಟೆ ಸಾಗಿಸುವವರಿಗೂ ಅದೇ ಸರಿ. ನನ್ನ ಹಾಗೆ ಗಿಡ್ಡ ಇದ್ದು, ನಿಧಾನ ಓಡಿಸುವವರು, ಒಂದೊಂದೇ ಮೂಟೆಯನ್ನು ಹೆಚ್ಚು ಸಲ ಸಾಗಿಸಲು ಬೇಸರಪಡದವರು 300ರ ಆಚೆ ನೋಡಬೇಕಾಗಿಲ್ಲ. ಯಾವುದೇ ತೆಗೆದುಕೊಂಡರೂ ಒಬ್ಬರ ಸೀಟಿನಲ್ಲಿ ಒಬ್ಬರೇ ಕೂರಿ, ಹೆಲ್ಮೆಟ್ ಹಾಕಿ. ಹದಿನಾರು ತುಂಬದ ಮಕ್ಕಳ ಕೈಗೆ ದೊಡ್ಡವರ ಗಾಡಿ ಕೊಡಲೇಬೇಡಿ.

ಹಳೆಯದನ್ನು ಕೊಳ್ಳುವವರು, ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆಗೆ ಒಯ್ಯುವ ಬೆಲ್ಟಿನ ಡಬ್ಬಿಯ ಕೆಳಗಿರುವ ಸಣ್ಣ ಮುಚ್ಚಳ ತೆಗೆಸಿ ನೋಡಿ. ಬೆಲ್ಟಿಗೆ ನೀರು ತಾಗಿದರೆ ಅದು ಜಾರುತ್ತದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಲ್ಲಿಂದ ಕೆಸರು ನೀರು ಬಂದರೆ ಆ ಗಾಡಿಯನ್ನು ಆಳದ ನೀರಿನಲ್ಲಿ ಓಡಿಸಿರುತ್ತಾರೆ. ಬೆಲೆ ಎಷ್ಟೇ ಇಳಿಸಿದರೂ ನಾನಾದರೆ ಅದನ್ನು ತೆಗೆದುಕೊಳ್ಳುವುದಿಲ್ಲ.