ಉಪ್ಪಳದ ಗ್ಲಾಸ್ ಅಂಗಡಿ, ಸೇಂಟ್ ಗೋಬೇನ್ ಕನ್ನಡಿ

ಉಪ್ಪಳದಲ್ಲಿ ಹೈವೇ ಬದಿ ಒಂದು ಗ್ಲಾಸ್ ಅಲ್ಯೂಮಿನಿಯಂ ಅಂಗಡಿ ಉಂಟು, ಹೆಸರು ಬೇಡ, ಯಾಕಂದ್ರೆ ಸ್ವಲ್ಪ ಬೈಲಿಕ್ಕೂ ಉಂಟು. ಬಚ್ಚಲಿಗೊಂದು, ಬೆಡ್‌ರೂಮಿಗೆ ಆಳೆತ್ತರದ್ದೊಂದು ಕನ್ನಡಿ ಅಲ್ಲಿಂದಲೇ ಮಾಡಿಸಿದ್ದು.

ಅಲ್ಲಿನ ಹುಡುಗನ ಕೈ ಮಾತ್ರ ಭಾರೀ ಲಾಯ್ಕ. ಕಟ್ಟರಲ್ಲಿ ಒಂದೇ ಗೆರೆ ಎಳೆದ, ಶೀಟನ್ನು ಮೇಜಿನ ಅಂಚಿಗೆ ತಂದು ಅಡಿಯಿಂದ ಮೆಲ್ಲ ತಟ್ಟಿದ, ಟಕ್ಕಂತ ಎರಡಾಯ್ತು, ಒಂದು ಚೂರು ಎದ್ದಿಲ್ಲ. "ಮಾಷ್ಟ್ರೇ, ಕಡಲ ಬದಿ ಮನೆ ಅಲ್ವಾ, ಗೋಡೆಗೆ ತಾಗಿಸಿ ಅಂಟಿಸ್ಬೇಡಿ, ಹಿಂದೆ ಗಾಳಿ ಆಡ್ಬೇಕು, ಇಲ್ಲದಿದ್ರೆ ಅಂಚಿಂದ ಕಪ್ಪಾಗ್ತಾ ಬರ್ತದೆ" ಅಂತ ಕೇಳದೆಯೇ ಹೇಳಿದ.

ಕನ್ನಡಿ ಸೇಂಟ್ ಗೋಬೇನ್ ಕಂಪೆನಿದು, 5 ಎಂಎಂ. ಮುಖ ಎಲ್ಲಿಂದ ನೋಡಿದ್ರೂ ಡೊಂಕಿಲ್ಲ. ಸ್ಟಿಕ್ಕರ್ ನೋಡಿ ಮನೆಯವಳು "ಎಂತ, ಇಗರ್ಜಿಯವರ ಕಂಪೆನಿಯಾ?" ಅಂತ ಕೇಳಿದ್ಲು. ಅಲ್ಲ, ಅದು ಉತ್ತರ ಫ್ರಾನ್ಸಿನ ಒಂದು ಸಣ್ಣ ಊರು, ಸಂತನ ಹೆಸರು ಊರಿಗೆ, ಊರಿನ ಹೆಸರು ಕಂಪೆನಿಗೆ. 1665ರಲ್ಲಿ, 14ನೇ ಲೂಯಿ ಕಾಲದಲ್ಲಿ, ವೆನಿಸ್‌ನವರ ಕನ್ನಡಿಗೆ ದುಡ್ಡು ಸುರಿದು ಸುರಿದು ಸಾಕಾಗಿ ಮಂತ್ರಿ ಕೋಲ್ಬೇರ್ ಶುರು ಮಾಡಿಸಿದ ಕಾರ್ಖಾನೆ. ಆ ಊರಿಗೆ ಹೋದದ್ದು 1690ರ ದಶಕದಲ್ಲಿ, ಅದೂ ಭಕ್ತಿಯಿಂದ ಅಲ್ಲ ಮಾರಾಯ್ರೆ, ಸುತ್ತ ಕಾಡಿತ್ತು, ಕುಲುಮೆಗೆ ಸೌದೆ ಬೇಕಿತ್ತು. ಹತ್ತಿರ ಹತ್ತಿರ ಮುನ್ನೂರು ವರ್ಷ ಊರಿನ ಗಂಜಿ ಗಾಜಿಂದಲೇ ಬೆಂದದ್ದು, 1990ರ ದಶಕದಲ್ಲಿ ಅಲ್ಲಿನ ಫ್ಯಾಕ್ಟರಿ ಮುಚ್ಚಿತು, ಹೆಡ್ಡಾಫೀಸು ಪ್ಯಾರಿಸ್ ಕಡೆ, ಹೆಸರು ಮಾತ್ರ ಉಪ್ಪಳದ ತನಕ ಬಂತು. ಹೆಸರಿಗೆ ಬಾಡಿಗೆ ಕೊಡುವ ಕ್ರಮ ಇದ್ದಿದ್ರೆ ಆ ಊರಿನವರು ಕಾಲು ನೀಡಿ ಕೂತ್ಕೊಳ್ಬಹುದಿತ್ತು.

ತಮಾಷೆ ಎಂತ ಅಂದ್ರೆ ಗಾಜಿನ ಇನ್ನೊಂದು ದೊಡ್ಡ ಊರೂ ಸಂತರದ್ದೇ, ಇಂಗ್ಲೆಂಡಿನ ಸೇಂಟ್ ಹೆಲೆನ್ಸ್. ಅಲ್ಲಿ ನೆಲದಡಿ ಕಲ್ಲಿದ್ದಲು, ಹತ್ತಿರವೇ ಗಾಜಿಗಾಗುವ ಮರಳು, 1826ರಿಂದ ಪಿಲ್ಕಿಂಗ್ಟನ್‌ನವರು. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಸಮತಟ್ಟು ಮಾಡುವ ಫ್ಲೋಟ್ ವಿಧಾನ 1959ರಲ್ಲಿ ಲೋಕಕ್ಕೆ ತೋರಿಸಿದ್ದು ಅವರೇ, ಈಗ ಡೊಂಕಿಲ್ಲದೆ ಮುಖ ಕಾಣುದು ಅದರ ಪುಣ್ಯದಿಂದ. ಆ ಕಂಪೆನಿಯೂ 2006ರಲ್ಲಿ ಜಪಾನಿನವರ ಕೈಗೆ ಹೋಯ್ತು. ಹಾಗಾಗಿ ಸಂತರ ಹೆಸರಿದ್ರೆ ಊರಿಗೆ ಬರ್ಕತ್ತು ಅಂತ ಹೇಳುವವರನ್ನು ನಾನು ನಂಬುದಿಲ್ಲ, ಸೌದೆಯೋ ಕಲ್ಲಿದ್ದಲೋ ಇದ್ದಷ್ಟು ದಿನ ಬರ್ಕತ್ತು.

ಮತ್ತೆ ಈ ಮಾಲು ಫ್ರಾನ್ಸಿಂದ ಹಡಗಲ್ಲಿ ಬರುದು ಅಂತ ಯಾರಾದ್ರೂ ಹೇಳಿ ರೇಟು ಏರಿಸಿದ್ರೆ ಕೇಳ್ಬೇಡಿ, ಸೇಂಟ್ ಗೋಬೇನಿನವರು 2000ದಿಂದ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲೇ ಗಾಜು ಮಾಡ್ತಾ ಇದ್ದಾರೆ. ರಾಮಾನುಜಾಚಾರ್ಯರು ಹುಟ್ಟಿದ ಊರು, ನೋಡಿ, ಅಲ್ಲಿಯೂ ಒಬ್ರು ಸಂತರು!

ಇನ್ನು ಬೈಗುಳ. ಅಂಗಡಿಯವರ "ನಾಳೆ" ಅಂದ್ರೆ ಯಾವ ನಾಳೆ ಅಂತ ದೇವರಿಗೇ ಗೊತ್ತು. ಫಿಟ್ಟಿಂಗಿಗೆ ಬೇರೆಯೇ ಜನ ಬಂದ, ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ತಂದಿದ್ದ, ಅದರ ಆಸಿಡ್ ಕನ್ನಡಿಯ ಬೆನ್ನಿನ ಬೆಳ್ಳಿಯನ್ನೇ ತಿಂತದೆ, ವಾಪಸ್ ಕಳಿಸಿ ನ್ಯೂಟ್ರಲ್ ಸಿಲಿಕೋನ್ ತರಿಸಿದೆ. ಬಿಲ್ಲಲ್ಲಿ 22 ಇಂಚಿಗೆ 24 ಇಂಚಿನ ದುಡ್ಡು, ಗ್ಲಾಸಿನವರ ಲೆಕ್ಕವೇ ಹಾಗೆ ಅಂತೆ, ಸರಿ, ಆದ್ರೆ ಮೊದಲೇ ಹೇಳ್ಬಹುದಿತ್ತಲ್ಲ? ಹೋಗುದಾದ್ರೆ ಅಳತೆಯನ್ನು 24ಕ್ಕೇ ಕೂರಿಸಿ, ಆ ಹುಡುಗನೇ ಇರುವ ಹೊತ್ತಿಗೆ ಹೋಗಿ.