ತುಳಶಿಬಾಗದ ಟೆಡ್ಡಿ ಕಿಟ್: ದಾರ ಚೆನ್ನ, ಕಡ್ಡಿ ದಪ್ಪ

ಪುಣೆಯ ತುಳಶಿಬಾಗದ ಒಂದು ಉಲನ್ ಅಂಗಡಿಯಲ್ಲಿ ಟೆಡ್ಡಿ ಹೆಣೆಯುವ ಕಿಟ್ ತಗೊಂಡೆ. ತಂಗಿಯ ಮಗನ ಮೊದಲ ಹುಟ್ಟುಹಬ್ಬ, ರೆಡಿಮೇಡ್ ಗೊಂಬೆ ಕೊಡಲು ಮನಸ್ಸು ಬರಲಿಲ್ಲ. ಕಂದು ಬಣ್ಣದ ಅಕ್ರಿಲಿಕ್ ದಾರ, ಒಂದು ಜೊತೆ ಕಡ್ಡಿ, ತುಂಬಲು ಪಾಲಿಯೆಸ್ಟರ್ ಹತ್ತಿ, ಪ್ಲಾಸ್ಟಿಕ್ ಕಣ್ಣು, ಇಷ್ಟು ಇತ್ತು.

ದಾರ ನಿಜಕ್ಕೂ ಚೆನ್ನಾಗಿದೆ. ಮೆತ್ತಗಿದೆ, ಒಗೆದರೂ ಕುಗ್ಗಲಿಲ್ಲ.

ತಕರಾರು ಕಡ್ಡಿಯದ್ದು. 4 ಮಿ.ಮೀ. ಕಡ್ಡಿ ಇಟ್ಟಿದ್ದಾರೆ, ಸ್ವೆಟರಿಗಾದರೆ ಸರಿ, ಆದರೆ ಗೊಂಬೆಗೆ ಹೆಣಿಗೆ ಬಿಗಿಯಾಗಿರಬೇಕು ಅಲ್ವಾ, ಇಲ್ಲದಿದ್ದರೆ ಹತ್ತಿ ತುಂಬಿದ ಮೇಲೆ ಅದು ಹಿಗ್ಗಿ ಸಂದಿಯಲ್ಲೆಲ್ಲ ಬಿಳಿ ಬಿಳಿ ಇಣುಕುತ್ತದೆ, ನನ್ನ ಕರಡಿಯ ಹೊಟ್ಟೆಗೂ ಅದೇ ಗತಿ ಆಯ್ತು. ಪೂರ್ತಿ ಬಿಚ್ಚಿದೆ. ಮನೆಯಲ್ಲಿದ್ದ 3 ಮಿ.ಮೀ. ಕಡ್ಡಿಯಲ್ಲಿ ಮತ್ತೆ ಹೆಣೆದೆ. ಎರಡು ಭಾನುವಾರ ಸುಮ್ನೆ ಹೋಯ್ತು. ಅಂಗಡಿಗೆ ಹೋಗಿ ಹೇಳಿದರೆ ಅಂಗಡಿಯವರು ಮರಾಠಿಯಲ್ಲಿ "ಚಾಲತಂಯ್ ತಾಈ" (ನಡೆಯುತ್ತೆ ಅಕ್ಕಾ) ಅಂತ ನಕ್ಕು, ಮುಂದಿನ ಗಿರಾಕಿಗೆ ರಿಬ್ಬನ್ ಅಳೆಯತೊಡಗಿದರು.

ಪ್ಲಾಸ್ಟಿಕ್ ಕಣ್ಣು ನಾನು ಹಾಕಲಿಲ್ಲ. ಒಂದು ವರ್ಷದ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಪ್ಪು ದಾರದಲ್ಲಿ ಕಣ್ಣು ಹೊಲಿದೆ, ಒಂದು ಸ್ವಲ್ಪ ಮೇಲೆ ಹೋಗಿದೆ, ಇರಲಿ ಬಿಡಿ.

ಅಂದಹಾಗೆ, 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಟ್ಟಿಹಾಕಿದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲವಂತೆ, 'ಟೆಡ್ಡಿ' ಅನ್ನೋ ಹೆಸರು ಬಂದದ್ದು ಅವರಿಂದಲೇ. ಕಿಟ್‌ನ ಚೀಟಿಯಲ್ಲಿ ಈ ಕಥೆ ಇದೆ, ಕಿವಿ ಎಲ್ಲಿ ಹೊಲಿಯಬೇಕು ಅನ್ನೋದು ಮಾತ್ರ ಇಲ್ಲ!

ಮುಂದಿನ ಸಲ ದಾರ ಮಾತ್ರ ತರುತ್ತೇನೆ.