ಮೊದಲನೇ ಪ್ರೋಗ್ರೆಸಿವ್ ಪ್ರೆಸ್ ಯಾವ್ದು? ಡಿಲ್ಲನ್ 550ಸಿ ಜೊತೆ ಎರಡು ವರ್ಷ ಕಳೆದ ಮೇಲೆ

ಇಲ್ಲಿ ಟೆಕ್ಸಾಸಲ್ಲಿ ಪಿಸ್ತೂಲ್ ಮ್ಯಾಚಿಗೆ ಬರೋ ನಮ್ ಹುಡುಗ್ರು ಮೂರ್ನಾಲ್ಕು ಜನ ಮನೇಲೇ ತೋಟಾ ಮಾಡೋ ಕೈಯಂತ್ರ (ಪ್ರೆಸ್) ಮೊದಲು ಯಾವ್ದು ತಗೊಳ್ಳೋದು ಅಂತ ಕೇಳಿದ್ರು, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ. ತಿಂಗಳಿಗೆ ಏನಿಲ್ಲ ಅಂದ್ರೂ 600 ತೋಟಾ ಖರ್ಚು ನಂದು, 9 ಎಂಎಂ. 2020-21ರಲ್ಲಿ ಅಂಗಡಿಗಳಲ್ಲಿ ತೋಟಾ ಸಿಗದೇ ಹೋದಾಗ ರೇಂಜಲ್ಲಿ ಬಿದ್ದಿರೋ ಖಾಲಿ ಕೇಸ್ (ತೋಟಾದ ಹಿತ್ತಾಳೆ ಕೋಶ) ಆಯ್ದಿಡೋಕೆ ಶುರು ಮಾಡಿದ್ದೆ, ಆಮೇಲೆ ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚೋ ಪುಟ್ಟ ಬಿಲ್ಲೆ) ಸಿಗೋ ಹಾಗಾದ್ಮೇಲೆ ಒಂದ್ಸಲಕ್ಕೆ ಒಂದೇ ಕೆಲಸ ಮಾಡೋ ಸಿಂಗಲ್ ಸ್ಟೇಜ್ ಪ್ರೆಸ್ಸಲ್ಲಿ ಕಲ್ತೆ. ಅದರಲ್ಲಿ ಒಂದು ಕೇಸನ್ನ ನಾಲ್ಕು ಸಲ ಕೈಗೆತ್ತಿಕೊಳ್ಬೇಕು, ನೂರು ತೋಟಾ ಆಗೋಷ್ಟರಲ್ಲಿ ಭಾನುವಾರದ ಅರ್ಧ ದಿನ ಹೋಗಿರುತ್ತೆ. ಪ್ರೋಗ್ರೆಸಿವಲ್ಲಿ ಹಾಗಲ್ಲ, ಪ್ಲೇಟ್ ಮೇಲೆ ನಾಲ್ಕೈದು ಕೇಸ್ ಸಾಲಾಗಿ ಕೂತಿರ್ತವೆ, ಒಂದ್ಸಲ ಹ್ಯಾಂಡಲ್ ಎಳೆದ್ರೆ ಎಲ್ಲದಕ್ಕೂ ಅದರದರ ಕೆಲಸ ಒಟ್ಟಿಗೇ ಆಗುತ್ತೆ, ಪ್ರತಿ ಎಳೆತಕ್ಕೂ ಒಂದು ತಯಾರಾದ ತೋಟಾ ಹೊರಗೆ ಬೀಳುತ್ತೆ.

ಮೊದಲು ಒಂದು ಮಾತು, ಇದನ್ನ ದಯವಿಟ್ಟು ಹಾರಿಸಿ ಓದ್ಬೇಡಿ. ಎಚ್1ಬಿ ವೀಸಾದಲ್ಲಿ ಇರೋರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಗನ್ನೂ ಇಟ್ಕೊಳ್ಳೋ ಹಾಗಿಲ್ಲ, ತೋಟಾನೂ ಇಟ್ಕೊಳ್ಳೋ ಹಾಗಿಲ್ಲ. ಹಂಟಿಂಗ್ ಲೈಸೆನ್ಸ್ ಥರದ ಕೆಲವು ವಿನಾಯಿತಿ ಇದೆ, ಆದ್ರೆ ಫ್ರೆಂಡ್ ಹೇಳಿದ ಅಂತ ನಂಬ್ಬೇಡಿ, ವಕೀಲರ ಹತ್ರ ಕೇಳಿ. ನಾನು ಗ್ರೀನ್ ಕಾರ್ಡ್ ಬರೋ ತನಕ ಏನೂ ಮುಟ್ಟಿರ್ಲಿಲ್ಲ. ಸ್ವಂತಕ್ಕೆ ತೋಟಾ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋಕೆ ಹೊರಟ್ರೆ ಬೇಕೇ ಬೇಕು. ಊರಲ್ಲಿರೋರು ಇದನ್ನ ಓದಿ ಟ್ರೈ ಮಾಡೋಣ ಅಂದ್ಕೊಂಡ್ರೆ ಬೇಡ, ಅಲ್ಲಿ 1959ರ ಆರ್ಮ್ಸ್ ಆಕ್ಟ್ ಇದೆ, ಲೈಸೆನ್ಸ್ ಇಲ್ದೆ ಮನೇಲಿ ತೋಟಾ ತಯಾರಿಸೋದು ಅಪರಾಧ.

ಈಗ ಪ್ರೆಸ್ ವಿಷ್ಯ. ನಾನು ತಗೊಂಡಿದ್ದು ಡಿಲ್ಲನ್ 550ಸಿ, ಅರಿಜೋನಾ ಕಂಪನಿ, ನೀಲಿ ಬಣ್ಣ. ನಾಲ್ಕು ಸ್ಟೇಷನ್ ಇದೆ. ಮೊದಲನೇದರಲ್ಲಿ ಹಳೇ ಪ್ರೈಮರ್ ಹೊರಗೆ ಹೋಗಿ ಕೇಸ್ ಅಳತೆಗೆ ಬರುತ್ತೆ, ಹ್ಯಾಂಡಲ್ ಆ ಕಡೆ ತಳ್ಳಿದ್ರೆ ಹೊಸ ಪ್ರೈಮರ್ ಕೂರುತ್ತೆ, ಎರಡನೇದರಲ್ಲಿ ಮದ್ದು ಬೀಳುತ್ತೆ, ಬಾಯಿ ಚೂರು ಅಗಲ ಆಗುತ್ತೆ, ಮೂರನೇದರಲ್ಲಿ ಬುಲೆಟ್, ಅಂದ್ರೆ ಗುಂಡು, ಕೂರಿಸೋದು, ನಾಲ್ಕನೇದು ಕ್ರಿಂಪ್, ಅಂದ್ರೆ ಕೇಸಿನ ಬಾಯಿ ಒತ್ತಿ ಬಿಗಿ ಮಾಡೋದು. ಪ್ಲೇಟನ್ನ ಕೈಯಲ್ಲೇ ತಿರುಗಿಸ್ಬೇಕು, ಅದೇ ಇದರ ವಿಶೇಷ, ಜನ ಬೇಡ ಅನ್ನೋದೂ ಅದಕ್ಕೇ. ಇದೇ ಕಂಪನಿಯ ಎಕ್ಸ್‌ಎಲ್ 750 ಆಗ್ಲಿ ಹಾರ್ನಡಿಯ ಲಾಕ್-ಎನ್-ಲೋಡ್ ಎಪಿ ಆಗ್ಲಿ ಐದು ಸ್ಟೇಷನ್, ತಾನೇ ತಿರುಗುತ್ತೆ. ಅಂಗಡಿಲೂ ವಿಡಿಯೋಲೂ ಎಲ್ರೂ ಗಂಟೆಗೆ ಎಷ್ಟು ಅನ್ನೋದನ್ನೇ ಹೇಳ್ತಾರೆ. ನನ್ನ ಕೇಳಿದ್ರೆ ಮೊದಲನೇ ಪ್ರೆಸ್ಸಿಗೆ ನೋಡ್ಬೇಕಾದ್ದು ಒಂದೇ, ಬುಲೆಟ್ ಇಡೋಕ್ ಮುಂಚೆ ಪ್ರತಿ ಕೇಸಿನ ಒಳಗೆ ನಿಮ್ ಕಣ್ಣು ಹೋಗುತ್ತಾ ಇಲ್ವಾ. 550ರಲ್ಲಿ ಹೋಗುತ್ತೆ, ಯಾಕಂದ್ರೆ ನೀವು ತಿರುಗಿಸೋ ತನಕ ಅದು ಕಾಯುತ್ತೆ. ನಿಧಾನವಾಗಿ ಮಾಡಿದ್ರೂ ನಂಗೆ ಗಂಟೆಗೆ 350 ಆಗುತ್ತೆ, ಅಂದ್ರೆ ತಿಂಗಳಿಗೆ ಎರಡು ಬೆಳಗ್ಗೆ ಸಾಕು.

ಆದ್ರೆ ಇದರ ಅಪಾಯನೂ ಕೈಯಲ್ಲಿ ತಿರುಗಿಸೋದ್ರಲ್ಲೇ ಇದೆ, ಅದನ್ನ ಮುಚ್ಚಿಡಲ್ಲ. ಶುರು ಮಾಡಿ ಎರಡನೇ ತಿಂಗಳಲ್ಲಿ ಕ್ಲಬ್ ಮ್ಯಾಚಲ್ಲಿ ಹೊಡೀತಿದ್ದೆ, ಒಂದು ಈಡು ಟಪ್ ಅಂತ ಸಣ್ಣ ಸದ್ದಾಯ್ತು, ಕೈಗೆ ಒದೆತಾನೇ ಇಲ್ಲ. ಜಾಮ್ ಅಂದ್ಕೊಂಡು ಸ್ಲೈಡ್ ಎಳೆಯೋಕೆ ಕೈ ಹೋಗಿತ್ತು, ಅಷ್ಟರಲ್ಲಿ ಹಿಂದೆ ನಿಂತಿದ್ದ ರೇಂಜ್ ಆಫೀಸರ್ ಸ್ಟಾಪ್ ಅಂತ ಕೂಗಿದ್ರು. ಬಿಚ್ಚಿ ನೋಡಿದ್ರೆ ಗುಂಡು ಬ್ಯಾರಲ್ ಮಧ್ಯದಲ್ಲೇ ಸಿಕ್ಕಾಕೊಂಡಿದೆ. ಅದರ ಹಿಂದೆ ಇನ್ನೊಂದು ಹೊಡೆದಿದ್ರೆ ಬ್ಯಾರಲ್ ಸೀಳೋ ಸಾಧ್ಯತೆ ಇತ್ತು, ಮುಖದ ಮುಂದೇನೇ. ಕೈ ನಡುಗೋದು ನಿಲ್ಲೋಕೆ ಅರ್ಧ ಗಂಟೆ ಹಿಡೀತು. ತಪ್ಪು ಪೂರ್ತಿ ನಂದೇ. ತೋಟಾ ಮಾಡ್ತಿರುವಾಗ ಮಗ ಗ್ಯಾರೇಜಿಗೆ ಏನೋ ಕೇಳೋಕೆ ಬಂದ, ಮಾತಾಡಿ ವಾಪಸ್ ತಿರುಗಿದವನು ಹ್ಯಾಂಡಲ್ ಎಳೆಯದೇ ಪ್ಲೇಟ್ ತಿರುಗಿಸಿಬಿಟ್ಟೆ, ಒಂದು ಕೇಸಿಗೆ ಮದ್ದೇ ಬೀಳದೆ ಮುಂದೆ ಹೋಯ್ತು. ಇದರ ಉಲ್ಟಾ ಇನ್ನೂ ಕೆಟ್ಟದ್ದು, ತಿರುಗಿಸೋದು ಮರೆತು ಎರಡು ಸಲ ಎಳೆದ್ರೆ ಒಂದೇ ಕೇಸಿಗೆ ಡಬಲ್ ಮದ್ದು.

ತೀರ್ಥಹಳ್ಳಿ ಕಡೆ ನಮ್ಮಜ್ಜನ ಹತ್ರ ಕೇಪಿನ ಕೋವಿ ಇತ್ತು, ಗದ್ದೆಗೆ ಹಂದಿ ಬರುತ್ತೆ ಅಂತ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ. ಅಜ್ಜ ಜಗಲಿಲಿ ಕೂತು ಮದ್ದು ಹಾಕಿ ಗಜದಲ್ಲಿ ಗಿಡೀತಿರುವಾಗ ಮನೇಲಿ ಯಾರೂ ಮಾತಾಡೋ ಹಾಗಿರ್ಲಿಲ್ಲ, ಅಜ್ಜಿ ಕಾಫಿ ತಂದ್ರೂ ಬಾಗ್ಲಲ್ಲೇ ನಿಂತಿರ್ತಿದ್ರು. ಆ ಮ್ಯಾಚ್ ಆದ ರಾತ್ರಿ ಅದೇ ನೆನಪಾಯ್ತು. ಈಗ ನಮ್ಮನೇಲೂ ಅದೇ ರೂಲ್. ಫೋನ್ ಒಳಗೆ, ಗ್ಯಾರೇಜ್ ಬಾಗ್ಲು ಹಾಕಿದ್ರೆ ಯಾರೂ ಬರೋ ಹಾಗಿಲ್ಲ, ಅಕಸ್ಮಾತ್ ನಿಲ್ಲಿಸ್ಬೇಕಾಗಿ ಬಂದ್ರೆ ಪ್ಲೇಟ್ ಮೇಲಿರೋ ನಾಲ್ಕೂ ಕೇಸ್ ತೆಗೆದು ಪಕ್ಕಕ್ಕಿಟ್ಟು ಹೊಸದಾಗಿ ಶುರು. ಜೊತೆಗೆ ಪ್ರೆಸ್ಸಿಗೆ ಒಂದು ಸಣ್ಣ ಎಲ್‌ಇಡಿ ಲೈಟ್ ಹಾಕಿದೀನಿ, ಕೇಸಿನ ತಳ ಚೆನ್ನಾಗಿ ಕಾಣುತ್ತೆ. ಮದ್ದೂ ಅಷ್ಟೇ, ಜಾಸ್ತಿ ಜಾಗ ತಗೊಳ್ಳೋ ಅಂಥದ್ದನ್ನ ಆರಿಸಿದೀನಿ, ಡಬಲ್ ಬಿದ್ರೆ ಕೇಸಿಂದ ಹೊರಗೆ ಚೆಲ್ಲುತ್ತೆ, ಕಣ್ಣಿಗೆ ಬಿದ್ದೇ ಬೀಳುತ್ತೆ. ಎಷ್ಟು ಹಾಕ್ಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ, ಯಾರ ಹತ್ರನೂ ಕೇಳ್ಬೇಡಿ, ಮದ್ದಿನ ಕಂಪನಿಯವರ ಈಗಿನ ಮ್ಯಾನ್ಯುವಲ್ ನೋಡಿ, ಹತ್ತಕ್ಕೊಂದು ತೂಕ ಹಾಕಿ.

ಹಾಗಾದ್ರೆ ಪ್ಲೇಟ್ ತಾನೇ ತಿರುಗೋ ಆಟೋ ಇಂಡೆಕ್ಸ್ ಬೇಡ್ವಾ ಅಂದ್ರೆ, ಬೇಕು, ತಿಂಗಳಿಗೆ 1500-2000 ಹೊಡೆಯೋರಿಗೆ. ಐದನೇ ಸ್ಟೇಷನ್ ಇದ್ರೆ ಮದ್ದಿನ ಮಟ್ಟ ನೋಡೋ ಪೌಡರ್ ಚೆಕ್ ಹಾಕ್ಬಹುದು, 550ರಲ್ಲಿ ಅದಕ್ಕೆ ಜಾಗ ಇಲ್ಲ, ಅದು ನಿಜವಾದ ಕೊರತೆ. ಹಾರ್ನಡಿ ಪ್ಲೇಟ್ ಅರ್ಧ ಹ್ಯಾಂಡಲ್ ಹೋಗುವಾಗ ಅರ್ಧ ಬರುವಾಗ ತಿರುಗುತ್ತೆ, ಅದಕ್ಕೆ ಮದ್ದು ಚೆಲ್ಲೋದು ಕಮ್ಮಿ, ತುಂಬ ಒಳ್ಳೆ ಯೋಚನೆ ಅದು. ಡಿಲ್ಲನ್‌ದೇ ಸ್ಕ್ವೇರ್ ಡೀಲ್ ಬಿ ಅಂತ ಚಿಕ್ಕದೊಂದಿದೆ, ಆದ್ರೆ ಪಿಸ್ತೂಲ್ ತೋಟಾಗೆ ಮಾತ್ರ, ಡೈನೂ (ಕೇಸನ್ನ ಅಳತೆಗೆ ತರೋ, ಗುಂಡು ಕೂರಿಸೋ ಅಚ್ಚು) ಅದರದ್ದೇ ಬೇಕು, ಮುಂದೆ ರೈಫಲ್ ಅಂತ ಮನಸ್ಸಾದ್ರೆ ಮತ್ತೆ ಬೇರೆ ಪ್ರೆಸ್ ತಗೋಬೇಕಾಗುತ್ತೆ. ದುಡ್ಡು ಕಮ್ಮಿ ಇದ್ರೆ ಲೀ ಕಂಪನಿಯ ಪ್ರೆಸ್‌ಗಳಿವೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೂರೋ ತಾಳ್ಮೆ ಇರೋರಿಗೆ ಓಕೆ. 550ರಲ್ಲಿ ನಂಗೆ ಇಷ್ಟ ಆಗಿದ್ದು ಡೈಗಳನ್ನ ಹಿಡಿದಿಡೋ ಟೂಲ್‌ಹೆಡ್, ಎರಡು ಪಿನ್ ತೆಗೆದ್ರೆ ಡೈ ಸಮೇತ ಹೊರಗೆ ಬರುತ್ತೆ, ಸೆಟ್ಟಿಂಗ್ ಹಾಗೇ ಉಳಿಯುತ್ತೆ.

ಪ್ರೆಸ್ ಬೆಲೆ ಮಾತ್ರ ನೋಡಿ ಲೆಕ್ಕ ಹಾಕ್ಬೇಡಿ. ಡೈ, ತಕ್ಕಡಿ, ಕ್ಯಾಲಿಪರ್, ಕೇಸ್ ತೊಳೆಯೋ ಟಂಬ್ಲರ್, ಗಟ್ಟಿ ಬೆಂಚು ಎಲ್ಲ ಸೇರಿದ್ರೆ ಪ್ರೆಸ್ಸಿನಷ್ಟೇ ಇನ್ನೊಂದ್ಸಲ ಆಗುತ್ತೆ. 9 ಎಂಎಂಗೆ ಕಾರ್ಬೈಡ್ ಡೈ ತಗೊಳ್ಳಿ, ಕೇಸಿಗೆ ಎಣ್ಣೆ ಹಚ್ಚೋ ಗೋಜಿಲ್ಲ. ಸೇಫ್ಟಿ ಕನ್ನಡಕ ಹಾಕ್ದೆ ಪ್ರೈಮರ್ ಟ್ಯೂಬ್ ಮುಟ್ಟಲೇಬೇಡಿ, ಅದರಲ್ಲಿ ನೂರು ಪ್ರೈಮರ್ ಒಂದರ ಮೇಲೊಂದು ಇರುತ್ತೆ. ಸುಟ್ಟ ಪ್ರೈಮರಲ್ಲಿ ಸೀಸ ಇರುತ್ತೆ, ಅದಕ್ಕೆ ನಾನು ಕೇಸನ್ನ ನೀರಲ್ಲೇ ತೊಳೆಯೋದು, ಕೈ ತೊಳೆದು ಬಟ್ಟೆ ಬದಲಾಯಿಸಿದ ಮೇಲೇನೇ ಮಕ್ಕಳನ್ನ ಎತ್ಕೊಳ್ಳೋದು. ಟೆಕ್ಸಾಸ್ ಬೇಸಿಗೆಗೆ ಗ್ಯಾರೇಜ್ ಕುದಿಯುತ್ತೆ, ಮದ್ದಿನ ಡಬ್ಬಿ ಮನೆ ಒಳಗೆ ತಂಪಾದ ಕಡೆ, ಬೀಗ ಹಾಕಿ, ಅದರ ಒರಿಜಿನಲ್ ಡಬ್ಬೀಲೇ ಇಡಿ.

ಇಷ್ಟೆಲ್ಲ ಮಾಡಿದ್ರೆ ದುಡ್ಡು ಉಳಿಯುತ್ತಾ? 9 ಎಂಎಂಲಿ ಅಂಥದ್ದೇನೂ ಉಳಿಯಲ್ಲ. ನಂಗೆ ಸಿಕ್ಕಿದ್ದು ಬೇರೆ, ಮ್ಯಾಚಿಗೆ ಬೇಕಾದ 125 ಪವರ್ ಫ್ಯಾಕ್ಟರ್ (ಗುಂಡಿನ ತೂಕ, ವೇಗ ಎರಡರಿಂದ ಲೆಕ್ಕ ಹಾಕೋ ಬಲ) ದಾಟಿ ಸ್ವಲ್ಪ ಮೇಲಿರೋ, ಕೈಗೆ ಮೆತ್ತಗಿರೋ ತೋಟಾ, ಅಂಗಡಿಲಿ ಅಂಥದ್ದು ಸಿಗೋದು ಕಷ್ಟ. ಡಲ್ಲಾಸ್ ಸುತ್ತಮುತ್ತ ಇರೋರು ಯಾರಾದ್ರೂ ತಗೊಳ್ಳೋಕ್ ಮುಂಚೆ ನೋಡ್ಬೇಕು ಅಂದ್ರೆ ಬನ್ನಿ, ಭಾನುವಾರ ಬೆಳಗ್ಗೆ ಐವತ್ತು ತೋಟಾ ನೀವೇ ಮಾಡಿ ನೋಡಿ. ಕನ್ನಡಕ ನಂದೇ ಎರಡು ಜೊತೆ ಇದೆ, ಫೋನ್ ಮಾತ್ರ ಕಾರಲ್ಲೇ ಬಿಟ್ಟು ಬರ್ಬೇಕು.